ನೀರು ಬರುವ ಹೊತ್ತು

ಎರಡೂ ಕೈಗೆ ಗಡಿಯಾರ ಕಟ್ಟಿಕೊಳ್ಳುವ ಮನುಷ್ಯರನ್ನು ನನ್ನ ಆಯುಷ್ಯದಲ್ಲಿ ನಾನು ನೋಡಿದ್ದು ಒಬ್ಬರನ್ನೇ. ಬಲಗೈಯದು ಎಲ್ಲರ ಗಡಿಯಾರದ ಹಾಗೆ ಹೊತ್ತು ತೋರಿಸುತ್ತಿತ್ತು. ಎಡಗೈಯದು ಹಳೆಯದು. ಗಾಜಿಗೆ ಅಡ್ಡ ಬಿರುಕು, ಪಟ್ಟಿಯ ಬದಲು ಲಾರಿಯ ಟ್ಯೂಬಿನಿಂದ ಕತ್ತರಿಸಿದ ಕಪ್ಪು ರಬ್ಬರು. ಅದರ ಮುಳ್ಳುಗಳು ಸದಾ ಹನ್ನೆರಡರ ಮೇಲೆ ನಿಂತಿರುತ್ತಿದ್ದವು. ಮಳೆಯ ಮೊದಲ ಹನಿ ಬಿದ್ದದ್ದೇ ತಡ, ಮಾತಿನ ನಡುವೆ ಇರಲಿ, ಬಾಯಲ್ಲಿ ತುತ್ತು ಇರಲಿ, ಕೀಲಿ ಒತ್ತಿ ಅದನ್ನು ನಡೆಯಲು ಬಿಡುತ್ತಿದ್ದರು. ಆಮೇಲೆ ಅವರ ಕಣ್ಣು ಹಳ್ಳದ ಕಡೆಗೆ. ಹಳ್ಳದ ನೀರು ಏರತೊಡಗಿದ ಕೂಡಲೇ ಎಡಗೈ ಎತ್ತಿ ನೋಡಿ, ಕಿವಿಯ ಮೇಲಿದ್ದ ಪೆನ್ಸಿಲು ತೆಗೆದು ಬರೆದುಕೊಳ್ಳುತ್ತಿದ್ದರು. ಮಳೆ ಬಿದ್ದದ್ದಕ್ಕೂ ನೀರು ಬಂದದ್ದಕ್ಕೂ ನಡುವೆ ಎಷ್ಟು ಹೊತ್ತು ಎಂಬುದೊಂದೇ ಅವರ ಹುಚ್ಚು. ಆ ಹುಚ್ಚನ್ನು ನನಗೂ ಅಂಟಿಸಿ ಹೋದರು.

ಅವರು ಸರಕಾರದ ಓವರ್ಸಿಯರ್, ಯಲ್ಲಾಪುರದವರು. ಅಣ್ಣತಮ್ಮಂದಿರೆಲ್ಲ ಲಾರಿಯ ಧಂದೆಯಲ್ಲಿದ್ದರು. ಇವರೊಬ್ಬರು ಓದಿ ನೌಕರಿ ಹಿಡಿದು ಶಿರಸಿಯಲ್ಲಿ ಬಾಡಿಗೆ ಮನೆ ಮಾಡಿದ್ದರು. ನಮ್ಮೂರು ಶಿರಸಿಯಿಂದ ಬನವಾಸಿಯ ದಿಕ್ಕಿಗೆ. ನಮ್ಮ ಮಾವ ಕೆರೆಯ ಹಿರಿಯರು. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಯಾವ ದಿನ ನೀರು ಎಂಬುದೆಲ್ಲ ಅವರ ಬಾಯಿಮಾತಿನ ಮೇಲೆ ನಡೆಯುತ್ತಿತ್ತು. ಕೆರೆಯ ಕೋಡಿಯಿಂದ ಹೊರಬಿದ್ದ ನೀರು ರಸ್ತೆ ದಾಟಿ ವರದಾ ಹೊಳೆಗೆ ಹೋಗುತ್ತದೆ. ಆ ರಸ್ತೆಗೆ ಒಂದು ಮೋರಿ ಕಟ್ಟಬೇಕಿತ್ತು. ಎಷ್ಟು ಅಗಲದ ಮೋರಿ ಎಂದು ತಿಳಿಯಲು ಇವರು ಬಂದರು. ಮುಂಬಯಿ ರಾಜ್ಯ ಬಿಟ್ಟು ನಮ್ಮ ಜಿಲ್ಲೆ ಮೈಸೂರಿಗೆ ಸೇರಿ ಮೂರ್ನಾಲ್ಕು ವರ್ಷ ಆಗಿತ್ತು. ನಾನು ಆ ಮನೆಗೆ ಸೊಸೆಯಾಗಿ ಬಂದು ಆರೇ ತಿಂಗಳು.

ಬಂದವರು ಹಿತ್ತಲ ಬಯಲಿನಲ್ಲಿ ತಾಮ್ರದ ಮಳೆಮಾಪಕವೊಂದನ್ನು ನೆಟ್ಟರು. ಊರು ಅದನ್ನು ಮಳೆ ಗಡಿಗೆ ಎಂದು ಕರೆಯಿತು. ದಿನಾ ಮುಂಜಾನೆ ಎಂಟಕ್ಕೆ ಅದರ ನೀರನ್ನು ಅಳತೆಯ ಗಾಜಿಗೆ ಸುರಿದು ಅಂಕಿ ಬರೆಯಬೇಕು. ಕೆರೆಯ ತೂಬಿನ ಕಲ್ಲಿಗೆ ಬಳಿದ ಬಿಳಿ ಗೆರೆಗಳಲ್ಲಿ ನೀರು ಯಾವ ಗೆರೆಗಿದೆ ಎಂದೂ ಬರೆಯಬೇಕು. ಮನೆಯ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನಾನು ತವರಿನಲ್ಲಿ, ಸಿದ್ದಾಪುರದ ಕಡೆಯ ಮನ್ಮನೆ ಹತ್ತಿರ, ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಬಾಯಿಯೂ ಜಾಸ್ತಿ. ಬಾಗಿಲ ಮರೆಯಿಂದಲೇ, "ನಾ ಬರಿತೀನ್ರಿ" ಎಂದುಬಿಟ್ಟೆ. ಮಾವ ಕೆಮ್ಮಿದರು. ಅತ್ತೆ ನನ್ನ ಸೆರಗು ಜಗ್ಗಿದರು.

ಓವರ್ಸಿಯರ್ ಮಾತ್ರ ಮುಖ ಅರಳಿಸಿ, "ಶಾಬಾಶ್ ತಂಗೀ! ಅಪೂರ್ಣಾಂಕ ಬರತಾವೇನು?" ಎಂದು ಕೇಳಿದರು.

"ದಶಾಂಶನೂ ಬರತಾವ."

"ಹಂಗಾದ್ರ ಗೌಡ್ರ, ಸರಕಾರದ ಪುಣ್ಯ ನೋಡ್ರಿ ಇದು!" ಎಂದು ಮಾವನ ಕಡೆ ತಿರುಗಿ ಕೈ ಮುಗಿದರು. ಅಷ್ಟು ದೊಡ್ಡ ಹೊಗಳಿಕೆಯ ಎದುರು ಮಾವನಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ.

ತಿಂಗಳಿಗೆ ಎರಡು ಸಲ ಸೈಕಲ್ ತುಳಿದುಕೊಂಡು ಬರುವರು. ಪ್ಯಾಂಟಿನ ಒಂದು ಕಾಲು ಮೊಣಕಾಲಿನ ತನಕ, ಇನ್ನೊಂದು ಅರ್ಧಕ್ಕೆ. ಕೊಡೆ ಇತ್ತು, ಆದರೆ ಅದರೊಳಗೆ ನಕಾಶೆ ಸುತ್ತಿಟ್ಟುಕೊಂಡು ತಾವು ನೆನೆಯುವರು. ಬಂದವರೇ ನಾನು ಅಂಕಿ ಬರೆದಿಟ್ಟ ವಹಿ ಕೇಳಿ, ನಿಂತಲ್ಲೇ ಓದುವರು. ಒಮ್ಮೆ ಒಂದು ಸಾಲಿನ ಮೇಲೆ ಬೆರಳಿಟ್ಟು ಹುಬ್ಬೇರಿಸಿದರು. ಆ ವಾರ ಮೋಡದ ಚೂರೂ ಇರಲಿಲ್ಲ, ಸೋಮವಾರ ಮಾತ್ರ ಒಂದು ಇಂಚು ಮಳೆ! ನಾನು ಗಾಜಿನಲ್ಲಿ ಕಂಡದ್ದನ್ನೇ ಬರೆದಿದ್ದೆ. ವಿಚಾರಿಸಿದರೆ, ನಮ್ಮ ಅತ್ತೆ ಸೋಮವಾರ ಅಂತ ಮಳೆ ಗಡಿಗೆಗೆ ವಿಭೂತಿ ಹಚ್ಚಿ, ಬಿಲ್ಪತ್ರೆ ಏರಿಸಿ, ಒಂದು ತಂಬಿಗೆ ನೀರೆರೆದಿದ್ದರು. "ಗಂಗವ್ವ ಕುಂತಾಳ ಅದರಾಗ, ಬರೇ ಹೊಟ್ಟಿಲೆ ಇರಬೇಕೇನ ಆಕಿ?" ಎಂದು ಅತ್ತೆಯ ವಾದ. ನಾನು ನಾಚಿಕೆಯಿಂದ ಕುಗ್ಗಿ ಹೋದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ತಾವೇ ಹೊಳೆಗಲ್ಲೊಂದನ್ನು ಹೊತ್ತು ತಂದು ಮಾಪಕದಿಂದ ನಾಲ್ಕು ಮಾರು ದೂರ ಇಟ್ಟು, "ಅವ್ವಾ, ಗಂಗವ್ವನ ಮನಿ ಇದು. ಆಚಿಗೆ ಇರೂದು ಆಕಿ ಕಚೇರಿ. ಕಚೇರ್ಯಾಗ ಪೂಜಿ ಮಾಡಿದ್ರ ಕೆಲಸ ಕೆಡತೈತಿ" ಎಂದರು. ಅತ್ತೆ ಒಪ್ಪಿದರು. ಮುಂದೆಂದೂ ಗಡಿಗೆಗೆ ನೀರು ಬೀಳಲಿಲ್ಲ.

ಮೊದಲ ವರ್ಷ ಹೀಗೆ ಹೋಯಿತು. ಆ ಬೇಸಿಗೆಯಲ್ಲಿ ಕೆರೆಯ ಮೇಲಿನ ಗುಡ್ಡದ ಕಾಡು ಕಡಿದರು, ತೇಗದ ಸಸಿ ನೆಡಲು. ಎರಡು ತಿಂಗಳು ಕೊಡಲಿಯ ಸಪ್ಪಳ, ದಿಮ್ಮಿ ಎಳೆಯುವ ಕೋಣಗಳ ಕೂಗು. ಮುಗಿದಾಗ ಗುಡ್ಡ ಕ್ಷೌರ ಮಾಡಿಸಿದ ತಲೆಯ ಹಾಗೆ ಕಂಡಿತು. ಓವರ್ಸಿಯರ್ ನಮ್ಮ ಯಜಮಾನರನ್ನು ಜೊತೆಗೆ ಕರೆದುಕೊಂಡು ಗುಡ್ಡದ ನೆತ್ತಿಯನ್ನೆಲ್ಲ ತಿರುಗಿ ಬಂದರು. ನಮ್ಮ ಜಗುಲಿಯ ಮೇಲೆ ಚೌಕಳಿ ಹಾಳೆ ಹಾಸಿ, ಕಾಡು ಉಳಿದ ಚೌಕಕ್ಕೆ ಹಸಿರು, ಬೋಳಾದ ಚೌಕಕ್ಕೆ ಹಳದಿ ಬಳಿದರು. ನನಗೆ ಎಣಿಸಲು ಹೇಳಿದರು. ನಾನು ಎಣಿಸಿದೆ. ಹಳದಿಯೇ ಹೆಚ್ಚು.

"ಈಗ ನೋಡು ತಂಗೀ, ಮಜಾ ಇರೂದು ಇಲ್ಲಿ," ಎಂದು ಪೆನ್ಸಿಲು ಕುಣಿಸಿದರು. "ಹಸಿರು ಚೌಕದ ಮ್ಯಾಲೆ ಬಿದ್ದ ಮಳಿ ಎಲಿ ಮ್ಯಾಲೆ ಕುಂತು, ದರಕಿನಾಗ ಮಲಗಿ, ಮಣ್ಣಾಗ ಇಳದು, ಆರಾಮಾಗಿ ಬರತೈತಿ. ಹಳದಿ ಚೌಕದ್ದು ಓಡಿ ಬರತೈತಿ. ಹೋದ ವರ್ಷದ ವಹಿ ನಿನ್ನ ಕಡೆ ಐತಿ. ಈ ವರ್ಷದ್ದೂ ಬರಿ. ಎರಡನ್ನೂ ಎದುರಾ ಬದುರಾ ಇಟ್ರ ಮುಂದ ಬರೂ ನೀರನ್ನ ಇಲ್ಲೇ ಕುಂತು ಹೇಳಬಹುದು!"

ದರಕು ಎಂದರೆ ಕಾಡಿನ ತರಗೆಲೆ. ಅದರಲ್ಲಿ ನೀರು ಮಲಗುತ್ತದೆ ಎಂಬ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ರೊಟ್ಟಿ ಬಡಿಯುತ್ತ ಬಡಿಯುತ್ತ ಅದನ್ನೇ ಯೋಚಿಸಿ ಎರಡು ರೊಟ್ಟಿ ಸೀಯಿಸಿದೆ. ಕೂತಲ್ಲಿ ಕೂತು, ಇನ್ನೂ ಬರದ ನೀರನ್ನು ಹೇಳುವುದು! ಆ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿರಲಿಲ್ಲ.

ಎರಡನೆಯ ಮಳೆಗಾಲ ಬಂತು. ಪ್ರತಿ ವರ್ಷ ಪುಷ್ಯ ಮಳೆಯ ಕೊನೆಗೆ ತುಂಬುತ್ತಿದ್ದ ಕೆರೆ ಆ ವರ್ಷ ತಿಂಗಳು ಮೊದಲೇ, ಆರಿದ್ರಾ ಮಳೆಗೇ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ಹಿಗ್ಗಿ ಹೀರೇಕಾಯಿ ಆಯಿತು. ಕಾಡು ಹೋಗಿದ್ದೇ ಒಳ್ಳೆಯದಾಯಿತು, ಗಂಗವ್ವ ಒಲಿದಳು ಎಂದು ಹೋಳಿಗೆ ಮಾಡಿ ಕೆರೆಗೆ ಬಾಗಿನ ಕೊಟ್ಟರು. ಮಾವ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ನಮ್ಮಲ್ಲಿ ಕೋಡಿಗೆ ಅಡ್ಡ ಹಲಗೆ ಇಟ್ಟು, ಸಂದಿಗೆ ಹುಲ್ಲಿನ ಹೆಂಟೆ ಬಡಿದು, ಎರಡು ಮೊಳ ನೀರು ಹೆಚ್ಚು ನಿಲ್ಲಿಸುವ ರೂಢಿ ಇದೆ. ಅದು ದೊಡ್ಡ ಮಳೆಗಳೆಲ್ಲ ಮುಗಿದ ಮೇಲೆ, ಸುಗ್ಗಿಯ ಬೆಳೆಗೆಂದು ಮಾಡುವ ಕೆಲಸ. ಈ ಸಲ ಅದರ ಮರುಮಳೆ ಪುನರ್ವಸುವಿನಲ್ಲೇ ಹಲಗೆ ಕಟ್ಟಿಸಿದರು. ಮನೆಗೆ ಬಂದ ಲಕ್ಷ್ಮಿಯನ್ನು ಯಾರಾದರೂ ಹೊರಗೆ ಬಿಡುತ್ತಾರೆಯೇ ಎಂಬುದು ಅವರ ಲೆಕ್ಕ. ಊರಿನ ಒಬ್ಬರೂ ಬೇಡ ಎನ್ನಲಿಲ್ಲ.

ಓವರ್ಸಿಯರ್ ಬಂದು ಹಲಗೆ ನೋಡಿದವರೇ ಸೈಕಲ್ಲನ್ನು ಅಲ್ಲೇ ಒಗೆದು ಓಡಿ ಬಂದರು. "ಗೌಡ್ರ, ಹಲಿಗಿ ತಗಸ್ರಿ! ಮದ್ಲಿನಂಗ ನಿಧಾನ ಬರಾಂಗಿಲ್ಲರಿ ನೀರು ಈಗ. ಒಂದ ದೊಡ್ಡ ಮಳಿ ಸಾಕು, ಏರಿ ಮ್ಯಾಲೆ ಹಾಯ್ತೈತಿ!" ಕೆರೆಯ ನೀರನ್ನು ತಡೆದು ನಿಂತ ಆ ಮಣ್ಣಿನ ಏರಿ ಒಡೆದರೆ ಅದರ ಕೆಳಗೆ ನಾಟಿ ಮಾಡಿದ ಗದ್ದೆಗಳು, ಗದ್ದೆಗಳ ಆಚೆ ಹನ್ನೆರಡು ಮನೆಗಳ ಕೇರಿ.

ಮಾವ ಎಲೆಯಡಿಕೆ ಮೆಲ್ಲುತ್ತ, "ಸಾಹೇಬ್ರ, ನಮ್ಮ ಅಜ್ಜ ಕಟ್ಟಿದ ಏರಿ ಅದು" ಎಂದಷ್ಟೇ ಹೇಳಿದರು.

ಅದಕ್ಕೆ ಓವರ್ಸಿಯರ್ ಮಾಡಿದ ಉಪಾಯವೇ ತಗಡಿನ ಗುಡ್ಡ. ಮುಂದಿನ ವಾರ ಅಣ್ಣನ ಲಾರಿಯಲ್ಲಿ ಎರಡು ದೊಡ್ಡ ತಗಡಿನ ತಟ್ಟೆ ಹಾಕಿಕೊಂಡು ಬಂದರು. ಒಂದೊಂದೂ ಮಂಚದಷ್ಟು ಉದ್ದ, ತುದಿಗೆ ಒಂದು ಮೂತಿ. ಒಂದರಲ್ಲಿ ಉಳಿದ ಕಾಡಿನಿಂದ ದರಕು ಸಮೇತ ಕಡಿದು ತಂದ ಮಣ್ಣು, ಇನ್ನೊಂದರಲ್ಲಿ ಬೋಳು ಗುಡ್ಡದ ಮಣ್ಣು. ಎರಡನ್ನೂ ಊರ ಗುಡಿಯ ಕಟ್ಟೆಯ ಮೇಲೆ ಒಂದೇ ಇಳಿಜಾರಿಗೆ ಒರಗಿಸಿ, ಮೂತಿಯ ಕೆಳಗೆ ಗಾಜಿನ ಭರಣಿ ಇಟ್ಟರು. ಹೂವಿನ ಗಿಡಕ್ಕೆ ನೀರು ಹಾಕುವ ಎರಡು ಝಾರಿ. ಊರ ಹಿರಿಯರೆಲ್ಲ ಸುತ್ತ ಕೂತರು. ನಾನು ಕಂಬದ ಪಕ್ಕ ವಹಿ ಹಿಡಿದು ನಿಂತೆ. ಓವರ್ಸಿಯರ್ ತಮ್ಮ ಎಡಗೈ ಗಡಿಯಾರ ಬಿಚ್ಚಿ ನನಗೆ ಕೊಟ್ಟು, "ಭರಣಿ ಮ್ಯಾಲೆ ಗೆರಿ ಅದಾವ. ನೀರು ಯಾವ ಗೆರಿಗೆ ಯಾವಾಗ ಬಂತು, ಎರಡರದ್ದೂ ಬರಿ" ಎಂದರು.

"ತಗಡಿನಾಗ ಕಾಡು ಬೆಳಸ್ತೀರೇನ್ರಿ ಸಾಹೇಬ್ರ?" ಎಂದು ಮಾವ ಕೇಳಿದರು. ಎಲ್ಲರೂ ನಕ್ಕರು.

ಇವರೂ ನಕ್ಕು ಎರಡಕ್ಕೂ ಒಮ್ಮೆಲೇ ಒಂದೇ ಅಳತೆಯ ನೀರು ಹುಯ್ಯಿಸಿದರು. ಝಾರಿ ಖಾಲಿಯಾಯಿತು, ಮೂತಿಯ ಹನಿ ನಿಲ್ಲುವ ತನಕ ಕಾದೆವು. ಭರಣಿ ನೋಡಿದರೆ ಎರಡೂ ಹೆಚ್ಚುಕಡಿಮೆ ಸಮ! ಹಿಂದಿನ ದಿನ ಪೂರಾ ಮಳೆ ಸುರಿದಿತ್ತು, ಕಾಡಿನ ಮಣ್ಣು ಮೊದಲೇ ಹೊಟ್ಟೆ ತುಂಬ ನೀರು ಕುಡಿದು ಕೂತಿತ್ತು. ಮತ್ತೆ ಹಾಕಿದ್ದನ್ನು ಅದೂ ಹೊರಗೆ ಬಿಟ್ಟಿತ್ತು. ಕಟ್ಟೆಯ ಮೇಲೆ ನಗೆಯ ಅಬ್ಬರ. "ಕಾಡಿಗೂ ಬೋಳಿಗೂ ಫರಕ ಇಲ್ಲಂತ ಸಾಹೇಬ್ರೇ ತೋರಿಸಿದ್ರಪಾ!" ಎಂದರು ಒಬ್ಬರು. ನನಗೆ ಅಳು ಬಂತು. ಬೇರೆ ಯಾರಾದರೂ ಆಗಿದ್ದರೆ ತಟ್ಟೆ ಎತ್ತಿಕೊಂಡು ಹೋಗಿಬಿಡುತ್ತಿದ್ದರು. ಇವರ ಮುಖ ಮಾತ್ರ ಹಬ್ಬದ ದಿನದ ಹಾಗೆ ಬೆಳಗಿತು.

"ಅರೆ, ಇದು ನನಗ ಹೊಳದಿದ್ದಿಲ್ಲ! ತಂಗೀ, ವಹಿ ಓದು."

ನಾನು ಓದಿದೆ. ಓದುತ್ತ ಓದುತ್ತ ನನ್ನ ದನಿ ಏರಿತು. ಬೋಳು ಮಣ್ಣಿನ ಭರಣಿ ಮುಕ್ಕಾಲು ತುಂಬುವ ಹೊತ್ತಿಗೆ ಕಾಡಿನ ಮಣ್ಣಿನದು ಮೊದಲ ಗೆರೆಯನ್ನೂ ಮುಟ್ಟಿರಲಿಲ್ಲ. ಕೊನೆಗೆ ಸಮವಾದದ್ದು ನಿಜ. ಆದರೆ ಒಂದು ಒಮ್ಮೆಲೇ ಬಂದಿತ್ತು, ಇನ್ನೊಂದು ತಡೆದು ತಡೆದು ಬಂದಿತ್ತು. ನಾವೆಲ್ಲ ಎಷ್ಟು ಬಂತು ಎಂದು ನೋಡುತ್ತಿದ್ದೆವು. ನೋಡಬೇಕಾದದ್ದು ಯಾವಾಗ ಬಂತು ಎಂಬುದನ್ನು. ಸೆರಗು ಜಾರಿದ್ದೂ ತಿಳಿಯದೆ ನಾನು, "ಮಾವಾ, ಹನ್ನೆರಡು ಮಂದಿ ಒಬ್ಬೊಬ್ಬರಾಗಿ ಬಾಗಲದಾಗ ಬಂದ್ರ ಬಾಗಲಕ್ಕ ಏನೂ ಆಗೂದಿಲ್ಲ. ಒಮ್ಮೆಲೇ ನುಗ್ಗಿದ್ರ ಚೌಕಟ್ಟೇ ಕಿತ್ತು ಬರತೈತಿ!" ಎಂದುಬಿಟ್ಟೆ.

ಓವರ್ಸಿಯರ್ ತೊಡೆ ತಟ್ಟಿಕೊಂಡರು. ಮಾವ ಎದ್ದು, ಹೆಗಲ ಮೇಲಿನ ಟವೆಲು ಕೊಡವಿ ಮನೆಗೆ ಹೋದರು. ಹಲಗೆ ಇದ್ದಲ್ಲೇ ಇತ್ತು. ಹಿರಿಯರೆದುರು ಸೊಸೆ ಮಾತಾಡಿದ್ದು ಅವರಿಗೆ ಮುಳ್ಳಿನ ಹಾಗೆ ಚುಚ್ಚಿತ್ತೆಂದು ನನಗೆ ಗೊತ್ತಾಯಿತು.

ಪುಷ್ಯ ಮಳೆಯ ಮೂರನೆಯ ದಿನ ಆ ದೊಡ್ಡ ಮಳೆ ಬಂತು. ಮುಂಜಾನೆ ಎಂಟಕ್ಕೆ ಗಾಜು ಅಳೆದು ಗಡಿಗೆ ಬರಿದು ಮಾಡಿಟ್ಟೆ. ಮಳೆಯ ದನಿ ಬೇರೆಯೇ ಆಗಿ ಕೇಳಿತು. ಹತ್ತಕ್ಕೆ ಮತ್ತೆ ಹೋಗಿ ನೋಡಿದರೆ ಎರಡು ತಾಸಿನಲ್ಲಿ ಮೂರು ಇಂಚು! ಶಿರಸಿಯ ರಸ್ತೆಯ ಮೇಲೆ ಆಗಲೇ ನೀರು, ಓವರ್ಸಿಯರ್ ಬರುವ ಮಾತೇ ಇಲ್ಲ. ಒಲೆಯ ಮುಂದೆ ಕೂತು ವಹಿ ಬಿಚ್ಚಿದೆ. ಹಸಿರು ಚೌಕಕ್ಕೆ ಒಂದು ಲೆಕ್ಕ, ಹಳದಿ ಚೌಕಕ್ಕೆ ಒಂದು ಲೆಕ್ಕ. ಆ ತಿಂಗಳ ಮಳೆಗಳೆಲ್ಲ ಎಷ್ಟು ಹೊತ್ತಿಗೆ ಕೆರೆ ಮುಟ್ಟಿದ್ದವು ಎಂಬುದನ್ನೂ ಓವರ್ಸಿಯರ್ ಹಾಗೆಯೇ ನಾನೂ ಬರೆದಿಟ್ಟಿದ್ದೆ. ಗುಣಿಸಿದೆ, ಕೂಡಿಸಿದೆ, ನಂಬಿಕೆ ಬಾರದೆ ಇನ್ನೊಮ್ಮೆ ಮಾಡಿದೆ. ಉತ್ತರ ಅದೇ ಬಂತು. ಬರೀ ಭಯವಾಯಿತು ಎಂದರೆ ಅರ್ಧ ಸುಳ್ಳು. ಹೆಮ್ಮೆಯೂ ಇತ್ತು.

ಕಂಬಳಿ ಹೊದ್ದು ಏರಿಯ ಮೇಲೆ ಹೋದೆ. ಮಾವ ನಾಲ್ಕು ಆಳುಗಳ ಜೊತೆ ತೂಬಿನ ಹತ್ತಿರ ನಿಂತಿದ್ದರು. ಏರಿಯ ಒಳಮೈಯಲ್ಲಿ ಬಸವಣ್ಣನ ಕಲ್ಲು ಒಂದಿದೆ. ಅದರ ಪಾದಕ್ಕೆ ನೀರು ಬಂದದ್ದನ್ನು ಆ ಊರಿನಲ್ಲಿ ಯಾರೂ ನೋಡಿರಲಿಲ್ಲ.

"ಮಾವಾ, ಒಂದ ಗಂಟೆಕ್ಕ ನೀರು ಬಸವಣ್ಣನ ಪಾದ ಮುಟ್ಟತೈತಿ. ಅಷ್ಟರಾಗ ಹಲಿಗಿ ತಗೀಲಿಲ್ಲಂದ್ರ ಮೂರಕ್ಕ ಏರಿ ದಾಟತೈತಿ."

"ಯಾರ ಹೇಳಿದ್ರು?"

"ವಹಿ ಹೇಳ್ತೈತಿ. ಮುಟ್ಟಲಿಲ್ಲಂದ್ರ ವಹಿ ಒಲಿಗೆ ಹಾಕ್ತೀನಿ, ಇನ್ನೊಮ್ಮೆ ಗಡಿಗಿ ಮುಟ್ಟಂಗಿಲ್ಲ."

ಮಾವ ನನ್ನ ಮುಖ ನೋಡಿದರು. ಬಸವಣ್ಣನ ಕಲ್ಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟರು. ನಾನು ಮಳೆಯಲ್ಲಿ ನಿಂತೇ ಇದ್ದೆ. ನೀರು ಒಂದು ಬೆರಳು ಏರಿತು, ಒಂದು ಗೇಣು ಏರಿತು. ಕೆರೆಗೆ ಬರುವ ಹಳ್ಳ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿ ಭೋರೆಂದಿತು. ಹನ್ನೆರಡೂವರೆಗೆ ನೀರು ಬಸವಣ್ಣನ ಪಾದ ಮುಟ್ಟಿತು.

ಮಾವ ಎದ್ದು ನಿಂತ ಆ ಗಳಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಹಾರಿ ತರ್ರೋ!" ಎಂದು ಕೂಗಿ, ಆ ವಯಸ್ಸಿನಲ್ಲಿ ಧೋತರ ಎತ್ತಿಕಟ್ಟಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಾವೇ ಕೋಡಿಗೆ ಇಳಿದರು. ಹಗ್ಗದ ಇನ್ನೊಂದು ತುದಿ ಆಳುಗಳ ಕೈಯಲ್ಲಿ. ಹಾರೆ ಹಾಕಿ ಹೆಂಟೆ ಕಿತ್ತರು, ಒಂದು ಹಲಗೆ ಎದ್ದಿತು, ಎರಡನೆಯದು ನೀರಿನ ರಭಸಕ್ಕೆ ತಾನೇ ಹಾರಿ ಹೋಯಿತು. ಮೂರನೆಯದು ಜಪ್ಪಯ್ಯ ಎಂದರೂ ಮಿಸುಕಲಿಲ್ಲ, ಕೊಡಲಿಯಿಂದ ಕಡಿಯಬೇಕಾಯಿತು. ಅದು ಮುರಿದ ಕೂಡಲೇ ಕೆರೆಗೆ ಉಸಿರು ಬಂತು. ಕೋಡಿಯ ಕೆಳಗಿನ ರಸ್ತೆ ಕೊಚ್ಚಿ ಹೋಯಿತು, ಹೋಗಲಿ. ಏರಿಯ ನೆತ್ತಿಗೆ ಒಂದು ಗೇಣು ಉಳಿದಿರುವಾಗ ನೀರು ಏರುವುದನ್ನು ನಿಲ್ಲಿಸಿತು. ಕೇರಿಯ ಒಂದು ಹೆಂಚೂ ಅಲುಗಲಿಲ್ಲ. ನಾನು ಏರಿಯ ಮೇಲೆ ನಿಂತು ಹುಚ್ಚಿಯ ಹಾಗೆ ನಗುತ್ತಲೂ ಅಳುತ್ತಲೂ ಇದ್ದೆ.

ಎರಡು ದಿನ ಬಿಟ್ಟು ಓವರ್ಸಿಯರ್ ಬಂದರು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು. ಊರೆಲ್ಲ ಸುತ್ತುವರಿದು ಕಥೆ ಹೇಳಿತು. ಅವರು ಎಲ್ಲ ಕೇಳಿ, ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು.

"ನೀ ಹೇಳಿದ್ದು ಒಂದ ಗಂಟೆಕ್ಕ. ಬಂದದ್ದು?"

"ಹನ್ನೆರಡೂವರಿಗೆ."

"ಅರ್ಧ ತಾಸು ತಪ್ಪಿತು. ಯಾಕ?"

ನನಗೆ ಸಿಟ್ಟು ನೆತ್ತಿಗೇರಿತು. ಊರು ಉಳಿಸಿದವಳಿಗೆ ಇದೇ ಬಹುಮಾನವೇ! ಅವರು ಕಾಯಲಿಲ್ಲ. ಊಟವನ್ನೂ ಬಿಟ್ಟು ಗುಡ್ಡ ಹತ್ತಿದರು, ಸಂಜೆಗೆ ಮೈಯೆಲ್ಲ ಕೆಸರಾಗಿ, ಜಗುಲಿಗೆ ಹತ್ತುವ ಮೊದಲೇ ಕೂಗಿದರು. "ಸಿಕ್ತು ತಂಗೀ! ದಿಮ್ಮಿ ಎಳದ ದಾರಿಗಳು! ಕೋಣ ಎಳದು ಎಳದು ನೆತ್ತಿಯಿಂದ ಹಳ್ಳದ ತನಕ ನೆಟ್ಟಗ ಕಾಲುವಿ ಆಗ್ಯಾವ. ನಾವು ಅವನ್ನೂ ಹಳದಿ ಅಂತ ಹಿಡದಿದ್ವಿ. ನೀರು ಅದರಾಗ ಕುದರಿಯಂಗ ಬಂದೈತಿ!" ಅಲ್ಲೇ ಕೂತು ನಕಾಶೆಯ ಮೇಲೆ ಕೆಂಪು ಪೆನ್ಸಿಲಿನಿಂದ ಆ ದಾರಿಗಳನ್ನೆಲ್ಲ ಎಳೆದರು. ಕೆಂಪು ಗೆರೆಗೆ ಬೇರೆ ಲೆಕ್ಕ ಹಾಕಿ ಮತ್ತೆ ಕೂಡಿಸಿದರೆ ಉತ್ತರ ಹನ್ನೆರಡೂ ಮೂವತ್ತೈದು. ಇಬ್ಬರೂ ಒಮ್ಮೆಲೇ ಕೂಗಿದೆವು. ನನ್ನ ಸಿಟ್ಟು ಎಲ್ಲಿ ಹೋಯಿತೋ.

"ಇದು ಒಂದು ಹಳ್ಳ ಆತು. ವರದಾ ಅಂದ್ರ ಇಂಥಾ ಹಳ್ಳ ಎಷ್ಟು ಕೂಡ್ಯಾವ! ಎಲ್ಲಾ ಹಳ್ಳಕ್ಕೂ ನಿನ್ನಂಥಾಕಿ ಒಬ್ಬಾಕಿ ಸಿಕ್ರ ಪೂರಾ ಹೊಳಿ ಮಾತು ಹೇಳಬಹುದು" ಎಂದು ಅವತ್ತು ಹೇಳಿದರು. ಮರುವರ್ಷ ಬೇಸಿಗೆಯಲ್ಲಿ ಊರವರೇ ಕೋಡಿಯನ್ನು ಅಗಲ ಮಾಡಿದರು. ಮೋರಿಯೂ ಅವರ ಲೆಕ್ಕದಂತೆಯೇ ದೊಡ್ಡದಾಯಿತು. ಆ ವರದಿಯಲ್ಲಿ ಮಳೆ ಅಳೆದವರು ಎಂದು ನನ್ನ ಹೆಸರು ಬರೆದಿದ್ದರು. ಇಂಥವರ ಹೆಂಡತಿ, ಇಂಥವರ ಸೊಸೆ ಎಂದಲ್ಲ, ಬರೀ ನನ್ನ ಹೆಸರು.

ಆಮೇಲೆ ಅವರಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ನಾನು ಪ್ರತಿ ಮಳೆಗಾಲದ ಅಂಕಿಗಳನ್ನು ಕಾಗದದಲ್ಲಿ ಬರೆದು ಕಳಿಸುತ್ತಿದ್ದೆ. ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂಬುದಕ್ಕೆ ಮಾತ್ರ ಉತ್ತರ ಬರುತ್ತಿತ್ತು, ನಾಲ್ಕು ನಾಲ್ಕು ಪುಟ. ಆ ಪುಟಗಳಿಗಾಗಿ ನಾನು ಹಬ್ಬಕ್ಕೆ ಕಾದ ಹಾಗೆ ಕಾಯುತ್ತಿದ್ದೆ. ಆ ದಶಕ ಮುಗಿಯುವ ಮೊದಲೇ ಒಂದು ಬೇಸಿಗೆಯಲ್ಲಿ ಎದೆನೋವು ಬಂದು ಮನೆಯಲ್ಲೇ ಹೋಗಿಬಿಟ್ಟರು. ಐವತ್ತೂ ತುಂಬಿರಲಿಲ್ಲ. ಸುದ್ದಿ ಬಸ್ಸಿನ ಕಂಡಕ್ಟರ್ ಹೇಳಿದ. ನಾನು ಅಂಗಳದಲ್ಲೇ ಕುಸಿದು ಕೂತೆ. ಒಡಹುಟ್ಟಿದ ಅಣ್ಣ ಹೋದರೂ ಅಷ್ಟು ಅಳುತ್ತಿದ್ದೆನೋ ಇಲ್ಲವೋ. ಮಾವ ಒಳಗೆ ಹೋಗಿ ಅಂಗಿ ತೊಟ್ಟು ಬಂದು, "ಏಳವ್ವಾ, ಹೋಗೂಣು" ಎಂದರು.

ಯಲ್ಲಾಪುರಕ್ಕೆ ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು. ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಕೂತರು. ಮಾವ ಹೊರಗೆ ಅವರ ಅಣ್ಣಂದಿರ ಜೊತೆ ತಲೆ ತಗ್ಗಿಸಿ ನಿಂತಿದ್ದರು.

ತಿರುಗಿ ಬರುವಾಗ ಬಸ್ಸು ಶಿರಸಿ ಬಿಟ್ಟ ಮೇಲೆ, ಮಾವ ಕಿಟಕಿಯ ಹೊರಗೇ ನೋಡುತ್ತ ಕೇಳಿದರು.

"ಇನ್ನ ನಿನ್ನ ಲೆಕ್ಕ ತಪ್ಪಿದ್ರ ಯಾರ ನೋಡ್ತಾರವ್ವಾ?"

"ಯಾರೂ ಇಲ್ಲರಿ ಮಾವಾ."

ಬಸ್ಸು ಇಸಳೂರು ದಾಟಿತು. ಮಾವ ಟವೆಲಿನಿಂದ ಮುಖ ಒರೆಸಿಕೊಂಡರು.

"ನಂಗ ಕಲಸು" ಎಂದರು.